‘ಏನೋ ಒಂದು ಸರಿ ಇಲ್ಲ’ ಅನ್ನುವ ಕ್ಲೈಂಟ್: ತೊಂದರೆ ಎಲ್ಲಿದೆ ಅಂತ ಹುಡುಕುವ ಬಗೆ

ಶಿವಮೊಗ್ಗದಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಮದುವೆ ಪತ್ರಿಕೆ, ಅಂಗಡಿ ಬೋರ್ಡು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಯಾವಾಗಲಾದರೊಮ್ಮೆ ವೆಬ್‌ಸೈಟು. ಇಷ್ಟು ವರ್ಷದಲ್ಲಿ ನನ್ನನ್ನು ಜಾಸ್ತಿ ದಣಿಸಿದ್ದು ಏನು ಬೇಕು ಅಂತ ಹೇಳಲಾಗದ, ಹೇಳಿದ್ದನ್ನು ಮರುದಿನ ಬದಲಿಸುವ ಕ್ಲೈಂಟುಗಳು.

ಮೊದಮೊದಲು ಅವರನ್ನು ಕಿರಿಕಿರಿ ಜನ ಅಂದುಕೊಳ್ಳುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ದುಡ್ಡು ಕೊಟ್ಟು ಗೊಂದಲದಲ್ಲಿ ಇರಲು ಯಾರಿಗೂ ಇಷ್ಟವಿಲ್ಲ. ಅವರಿಗೆ ಏನೋ ಒಂದು ಸಿಕ್ಕಿಲ್ಲ. ಒಂದು ಮಾಹಿತಿ ಇರಬಹುದು, ಹೋಲಿಸಿ ನೋಡಲು ಒಂದು ವಸ್ತು ಇರಬಹುದು, ‘ಆಯ್ತು, ಮಾಡಿ’ ಅನ್ನಬೇಕಾದ ಹಿರಿಯರಿರಬಹುದು, ಇಲ್ಲವೇ ಕೈಯಲ್ಲಿ ಹಣ ಇಲ್ಲದಿರಬಹುದು. ಯಾವುದು ಸಿಕ್ಕಿಲ್ಲ ಅಂತ ತಿಳಿಯುವ ಮುಂಚೆ ಡಿಸೈನ್ ಬದಲಿಸಲು ಕೂತರೆ ರಾತ್ರಿ ಪೂರ್ತಿ ಹೋಗುತ್ತದೆ, ಬೆಳಿಗ್ಗೆ ಮತ್ತೆ ಅದೇ ಮೆಸೇಜು ಬರುತ್ತದೆ. ಫ್ಯಾನ್ ತಿರುಗದಿದ್ದರೆ ಮೊದಲು ಸ್ವಿಚ್ಚು ನೋಡುತ್ತೇವೆ, ಆಮೇಲೆ ಮೋಟಾರು. ಇಲ್ಲೂ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡೋಣ.

ಲಕ್ಷಣ: ‘ನೀವೇ ಏನಾದ್ರೂ ಚೆನ್ನಾಗಿರೋದು ಮಾಡಿ’

ಇದು ಕೆಲಸ ಶುರುವಾಗುವ ಮುಂಚೆಯೇ ಕಾಣುತ್ತದೆ. ಕೇಳಲು ಖುಷಿಯಾಗುತ್ತದೆ, ನಮ್ಮ ಮೇಲೆ ಎಷ್ಟು ನಂಬಿಕೆ ಅನ್ನಿಸುತ್ತದೆ. ಬಹಳ ಸಲ ಇದರ ಅರ್ಥ ಬೇರೆ: ಮನಸ್ಸಿನಲ್ಲಿ ಏನೋ ಇದೆ, ಅದಕ್ಕೆ ಮಾತು ಸಿಗುತ್ತಿಲ್ಲ.

ಇದಕ್ಕೆ 15 ನಿಮಿಷದ ಒಂದು ಫೋನ್ ಕರೆ ಸಾಕು. ಮೆಸೇಜ್ ಬೇಡ, ಕರೆಯನ್ನೇ ಮಾಡಿ. ‘ಯಾವ ಬಣ್ಣ ಬೇಕು, ಯಾವ ಸ್ಟೈಲ್ ಬೇಕು’ ಅಂತ ಕೇಳಬೇಡಿ. ಅದು ನಮ್ಮ ಕೆಲಸ, ಅವರು ತಡವರಿಸುತ್ತಾರೆ. ಅವರಿಗೆ ಗೊತ್ತಿರುವುದನ್ನೇ ಕೇಳಿ. ಇದನ್ನು ಯಾರು ನೋಡುತ್ತಾರೆ? ಕೈಯಲ್ಲಿ ಹಿಡಿದು ನೋಡುತ್ತಾರಾ, ರಸ್ತೆಯಾಚೆಯಿಂದಾ? ಯಾವ ದಿನಕ್ಕೆ ಕೈಗೆ ಬೇಕು? ಈಗ ಇರುವುದರಲ್ಲಿ ಏನು ಬೇಡ? ಕೊನೆಯ ಪ್ರಶ್ನೆಗೆ ಜನ ತಡವಿಲ್ಲದೆ ಉತ್ತರ ಕೊಡುತ್ತಾರೆ. ಬೇಕಾದದ್ದು ಗೊತ್ತಿಲ್ಲದವರಿಗೂ ಬೇಡವಾದದ್ದು ಚೆನ್ನಾಗಿ ಗೊತ್ತಿರುತ್ತದೆ.

ಅವರ ಬಾಯಲ್ಲಿ ಬಾರದ ಕಟ್ಟುಪಾಡುಗಳನ್ನು ನೀವೇ ಕೇಳಬೇಕು. ಒಂದು ಬೇಕರಿ ಬೋರ್ಡಿಗೆ ಮೂರು ಮಾದರಿ ಕಳಿಸಿದ್ದೆ, ಮೂರಕ್ಕೂ ‘ಯಾಕೋ ಧೈರ್ಯ ಬರ್ತಿಲ್ಲ’ ಅಂದರು. ಕೊನೆಗೆ ತಿಳಿಯಿತು, ಪಕ್ಕದ ಅಂಗಡಿಯವರಿಗೆ ನೋಟಿಸ್ ಬಂದಿತ್ತು. ಕರ್ನಾಟಕದಲ್ಲಿ 2024ರ ತಿದ್ದುಪಡಿ ಪ್ರಕಾರ ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅವರಿಗೆ ನಿಯಮ ಸರಿಯಾಗಿ ಗೊತ್ತಿರಲಿಲ್ಲ, ಭಯ ಮಾತ್ರ ಇತ್ತು. ಕನ್ನಡ ಹೆಸರನ್ನು ಮೇಲೆ ದೊಡ್ಡದಾಗಿ ತಂದ ನಾಲ್ಕನೇ ಮಾದರಿ ಅರ್ಧ ಗಂಟೆಯಲ್ಲಿ ಓಕೆ ಆಯ್ತು. ಬಣ್ಣ ಮೊದಲಿನದೇ.

ಕರೆ ಮುಗಿದ ಕೂಡಲೇ ಕೇಳಿಸಿಕೊಂಡದ್ದನ್ನು ಐದಾರು ಸಾಲಲ್ಲಿ ಬರೆದು ಕಳಿಸಿ. ನನ್ನದು ಹೀಗಿರುತ್ತದೆ:

‘ನಮಸ್ಕಾರ. ಈಗ ಮಾತಾಡಿದ್ದು: ಬೋರ್ಡು 12 ಅಡಿ × 3 ಅಡಿ. ಬಸ್ ಸ್ಟ್ಯಾಂಡ್ ಕಡೆಯಿಂದ ಬರುವವರಿಗೆ ಓದಲು ಬರಬೇಕು. ಹಳೇ ಬೋರ್ಡಿನ ಕೆಂಪು ಬೇಡ. ಎರಡು ಮಾದರಿ, ಎರಡು ಸಲ ತಿದ್ದುಪಡಿ. ಒಪ್ಪಿಗೆ ಕೊಡುವವರು ನೀವು. ಸರಿ ಇದ್ದರೆ ‘ಸರಿ’ ಅಂತ ಕಳಿಸಿ, ಶುರು ಮಾಡುತ್ತೇನೆ.’

ಆ ‘ಸರಿ’ ಬರುವ ತನಕ ಸಾಫ್ಟ್‌ವೇರ್ ತೆರೆಯಬೇಡಿ.

ಬಣ್ಣ, ಅಕ್ಷರದ ಬಗ್ಗೆ ಗೊತ್ತಿಲ್ಲ ಆದರೆ ದಿನಾಂಕ, ಅಳತೆ, ಉದ್ದೇಶ ಹೇಳುತ್ತಾರೆ ಅಂದರೆ ಕೆಲಸ ನಡೆಯುತ್ತದೆ, ಹೆದರಬೇಕಾಗಿಲ್ಲ. ಯಾಕೆ ಬೇಕು, ಯಾವಾಗ ಬೇಕು ಅನ್ನುವುದೂ ಗೊತ್ತಿಲ್ಲ ಅಂದರೆ ಅವರ ವ್ಯಾಪಾರವೇ ಇನ್ನೂ ತೀರ್ಮಾನವಾಗಿಲ್ಲ. ಆಗ ಪೂರ್ತಿ ಕೆಲಸ ಒಪ್ಪಿಕೊಳ್ಳಬೇಡಿ. ಪೆನ್ಸಿಲ್ ಸ್ಕೆಚ್ ಮಟ್ಟಿಗೆ ಚಿಕ್ಕ ದುಡ್ಡಿನ ಒಂದು ಹಂತ ಮಾಡಿಕೊಡಿ. ಸ್ಕೆಚ್ ನೋಡುತ್ತಾ ಅವರಿಗೂ ತಮಗೆ ಬೇಕಾದ್ದು ಏನು ಅಂತ ತಿಳಿಯುತ್ತದೆ.

ಲಕ್ಷಣ: ‘ಚೆನ್ನಾಗಿದೆ, ಆದ್ರೆ ಯಾಕೋ ಸರಿ ಅನ್ನಿಸ್ತಿಲ್ಲ’

ನಮ್ಮ ಮನಸ್ಸಿಗೆ ಅತಿ ಜಾಸ್ತಿ ನೋವು ಕೊಡುವ ಮಾತು ಇದೇ. ಕೇಳಿದ ಕೂಡಲೇ ನಮ್ಮ ಕೈಚಳಕದ ಮೇಲೆ ಅನುಮಾನ ಬರುತ್ತದೆ. ಸ್ವಲ್ಪ ತಡೆಯಿರಿ. ನೀವು ಮಾಡಿದ್ದನ್ನೇ ಅವರು ನೋಡುತ್ತಿದ್ದಾರಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಹೆಚ್ಚಿನವರು ನೋಡುವುದು ಫೋನಿನಲ್ಲಿ, ರಾತ್ರಿ ಊಟದ ಮೇಲೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಸಣ್ಣ ಅಕ್ಷರದ ಅಂಚು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ಒಬ್ಬ ತಾಯಿ ಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಅವರ ಲೇಬಲ್ಲಿಗೆ ‘ಬಿಳಿ ಕೊಳೆ ಆದ ಹಾಗಿದೆ’ ಅಂತ ಮೂರು ಸಲ ಹೇಳಿದರು. ನಾನು ಮೂರು ಸಲ ಹಿನ್ನೆಲೆ ಬದಲಿಸಿದೆ. ಅವರ ಫೋನಿನಲ್ಲಿ ಕಣ್ಣಿಗೆ ಹಿತ ಅಂತ ಹಾಕುವ ಹಳದಿ ಬೆಳಕಿನ ಸೆಟ್ಟಿಂಗ್ ಆನ್ ಇತ್ತು. ಸಾಮಾನ್ಯವಾಗಿ ಆ ಹಳದಿ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ, ಹಾಗಾಗಿ ಸ್ಕ್ರೀನ್‌ಶಾಟ್ ತರಿಸಿಕೊಂಡರೂ ನನಗೆ ತಿಳಿಯುತ್ತಿರಲಿಲ್ಲ. ಮಗನ ಫೋನಿನಲ್ಲಿ ಹಗಲು ಹೊತ್ತು ನೋಡಿ ಅಂದಾಗ ಮೊದಲನೆಯ ಮಾದರಿಯನ್ನೇ ಒಪ್ಪಿದರು. ಅಂದಿನಿಂದ ‘ಇನ್ನೊಂದು ಫೋನಿನಲ್ಲಿ, ಹಗಲಲ್ಲಿ’ ಅನ್ನುವುದು ನನ್ನ ಮೊದಲ ಪರೀಕ್ಷೆ.

ಎರಡನೆಯದು ಅಕ್ಷರ. ಕನ್ನಡಕ್ಕೆ ಇದು ತುಂಬಾ ಮುಖ್ಯ. ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಯ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಹುಬ್ಬಳ್ಳಿ ಹೋಗಿ ‘ಹುಬ್‌ಬಳ್‌ಳಿ’ ಆಗುತ್ತದೆ. ‘ನುಡಿ’ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಕೆಲವು ಒತ್ತು ಮಾಯವಾಗುತ್ತವೆ. ಕ್ಲೈಂಟಿಗೆ ‘ಒತ್ತು ತಪ್ಪಿದೆ’ ಅಂತ ಬೊಟ್ಟು ಮಾಡಲು ಬರದೇ ಹೋಗಬಹುದು. ಕಣ್ಣಿಗೆ ಮಾತ್ರ ಕಲ್ಲು ಸಿಕ್ಕ ಹಾಗೆ ಆಗುತ್ತದೆ, ಅದನ್ನೇ ಅವರು ‘ಯಾಕೋ’ ಅನ್ನುವುದು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ. ಕಣ್ಣು ಹಾರಿಸಿಕೊಂಡು ಹೋಗಿದ್ದು ನಾಲಿಗೆಗೆ ಸಿಗುತ್ತದೆ.

ಮೂರನೆಯದು ಕಾಗದ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಫೋನಿನಲ್ಲಿ ಹೊಳೆಯುವ ಗಿಳಿಹಸಿರು ಕಾಗದದಲ್ಲಿ ಹಾಗೇ ಬರುವುದಿಲ್ಲ. ಅರಿಶಿನದ ಹಳದಿಗೆ ಒಂದು ಚೂರು ನೀಲಿ ಶಾಯಿ ಸೇರಿದರೂ ಹಸಿರು ಛಾಯೆ ಬಂದುಬಿಡುತ್ತದೆ, ಶುಭ ಕಾರ್ಯದ ಪತ್ರಿಕೆ ಕಳೆಗುಂದುತ್ತದೆ. ಅಚ್ಚಾಗುವ ಕೆಲಸಕ್ಕೆ ಒಂದು ಪ್ರತಿ ಪ್ರಿಂಟ್ ತೆಗೆಸಿ ಕೈಯಲ್ಲಿ ಕೊಡಿ. ಅದರ ಖರ್ಚನ್ನು ಮೊದಲೇ ರೇಟಿನಲ್ಲಿ ಸೇರಿಸಿಕೊಳ್ಳಿ.

ಇಷ್ಟೂ ಸರಿ ಇದ್ದು ಇನ್ನೂ ‘ಯಾಕೋ’ ಅಂದರೆ, ಹೋಲಿಸಲು ಅವರಿಗೆ ಏನೂ ಸಿಕ್ಕಿಲ್ಲ ಅಂತ ಅರ್ಥ. ಎರಡೇ ಎರಡು ಮಾದರಿ ಪಕ್ಕಪಕ್ಕ ಇಡಿ. ಎರಡರ ನಡುವೆ ಒಂದೇ ವ್ಯತ್ಯಾಸ ಇರಲಿ. ಅಕ್ಷರ ದಪ್ಪ, ಅಕ್ಷರ ತೆಳು. ಅಷ್ಟೇ. ‘ಯಾವುದು ಚೆನ್ನಾಗಿದೆ’ ಅಂತ ಕೇಳದೆ, ‘ನಿಮ್ಮ ಅಂಗಡಿ ಎದುರು ನಿಂತವರಿಗೆ ಯಾವುದು ಬೇಗ ಓದಲು ಬರುತ್ತದೆ’ ಅಂತ ಕೇಳಿ. ಬೋರ್ಡಾದರೆ ಅಂಗಡಿಯ ಫೋಟೋದ ಮೇಲೆ ಕೂರಿಸಿ ತೋರಿಸಿ. ಲೇಬಲ್ಲಾದರೆ ಪ್ರಿಂಟ್ ತೆಗೆದು ಬಾಟಲಿಗೆ ಅಂಟಿಸಿ ಫೋಟೋ ಕಳಿಸಿ. ಬಿಳಿ ಹಾಳೆಯ ಮಧ್ಯೆ ಅನಾಥವಾಗಿ ಕೂತ ಲೋಗೋ ಯಾರಿಗೂ ಇಷ್ಟವಾಗುವುದು ಕಷ್ಟ.

ನಮ್ಮ ಕಡೆಯ ತಪ್ಪೊಂದನ್ನೂ ಹೇಳಬೇಕು. ಉತ್ಸಾಹದಲ್ಲಿ ಎಂಟು ಹತ್ತು ಮಾದರಿ ಕಳಿಸುತ್ತೇವೆ. ನೋಡುವವರು ‘ಇದರ ಬಾರ್ಡರ್, ಅದರ ಅಕ್ಷರ, ಆ ಇನ್ನೊಂದರ ಬಣ್ಣ’ ಅಂತ ಶುರು ಮಾಡುತ್ತಾರೆ. ಅವರಿಗೆ ಆ ಗೊಂದಲ ಕೊಟ್ಟವರು ನಾವೇ. ಹತ್ತು ಮಾಡಿ, ಎರಡು ಕಳಿಸಿ.

ಲಕ್ಷಣ: ನಿನ್ನೆ ಓಕೆ, ಇವತ್ತು ಬೇಡ

ಒಪ್ಪಿದ್ದು ಪದೇ ಪದೇ ತಿರುಗಿ ಬರುತ್ತಿದ್ದರೆ, ನೀವು ಮಾತಾಡುತ್ತಿರುವವರ ಹಿಂದೆ ಇನ್ನೊಬ್ಬರಿದ್ದಾರೆ. ಹೆಂಡತಿ, ಪಾಲುದಾರ, ಮಾವ, ಸಂಘದ ಖಜಾಂಚಿ ಹೀಗೆ ಯಾರೋ ಒಬ್ಬರು. ದೂರುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿರುವುದು ಇದರ ಗುರುತು. ಸೋಮವಾರ ಅಕ್ಷರ ಸರಿ ಇಲ್ಲ, ಬುಧವಾರ ಬಾರ್ಡರ್ ಸರಿ ಇಲ್ಲ, ಶುಕ್ರವಾರ ಗಣಪತಿ ಚಿತ್ರ ಸರಿ ಇಲ್ಲ.

ಭದ್ರಾವತಿಯ ಒಂದು ಮನೆಯ ಮದುವೆ ಪತ್ರಿಕೆಗೆ 14 ಸಲ ಫೈಲ್ ಕಳಿಸಿದ್ದೆ. ಹುಡುಗಿಯ ತಂದೆ ತುಂಬಾ ಮರ್ಯಾದಸ್ಥರು. ಪ್ರತಿ ಸಲ ‘ಬೇಜಾರು ಮಾಡ್ಕೋಬೇಡಿ’ ಅಂತಲೇ ಶುರು ಮಾಡುತ್ತಿದ್ದರು. ಹದಿನಾಲ್ಕನೆಯದನ್ನು ಪ್ರಿಂಟ್ ತೆಗೆದುಕೊಂಡು ಮನೆಗೇ ಹೋದೆ. ಹಾಲ್‌ನಲ್ಲಿ ಟೀಪಾಯಿ ಮೇಲೆ ಹಾಳೆ ಇಟ್ಟೆ. ಅವರು ಗಣಪತಿಯನ್ನು ನೋಡಲಿಲ್ಲ, ಬಾರ್ಡರ್ ನೋಡಲಿಲ್ಲ. ಬೆರಳು ನೇರ ಕೆಳಗೆ ಹೋಯಿತು, ‘ಸುಖಾಗಮನ ಬಯಸುವವರು’ ಅನ್ನುವ ಸಾಲಿಗೆ. ಅಲ್ಲೇ ನಿಂತಿತು. ಅವರ ಅಣ್ಣನ ಜೊತೆ ಎರಡು ವರ್ಷದಿಂದ ಮಾತಿರಲಿಲ್ಲ. ಪಟ್ಟಿಯಲ್ಲಿ ಅಣ್ಣನ ಹೆಸರು ಮೊದಲು ಬರಬೇಕಾ, ಬರಲೇಬೇಕಾ ಅನ್ನುವುದು ಮನೆಯಲ್ಲಿ ತೀರ್ಮಾನವಾಗಿರಲಿಲ್ಲ. ಹೊರಗಿನವನಾದ ನನಗೆ ಅದನ್ನು ಹೇಳಲಾಗದೆ ಅವರು ಬಾರ್ಡರ್ ಬದಲಿಸುತ್ತಾ ದಿನ ತಳ್ಳುತ್ತಿದ್ದರು.

ನಾನು ಏನೂ ಹೇಳಲಿಲ್ಲ. ಹಾಳೆಯನ್ನೂ ಒಂದು ಪೆನ್ಸಿಲನ್ನೂ ಅಲ್ಲೇ ಬಿಟ್ಟು ಬಂದೆ. ಮೂರು ದಿನ ಬಿಟ್ಟು ಫೋಟೋ ಬಂತು. ಪಟ್ಟಿಯ ಮೇಲ್ತುದಿಯಲ್ಲಿ ಅಣ್ಣನ ಹೆಸರು, ನಡುಗುವ ಅಕ್ಷರದಲ್ಲಿ. ಬರೆದದ್ದು ಹುಡುಗಿಯ ಅಜ್ಜಿ ಅಂತ ಆಮೇಲೆ ಗೊತ್ತಾಯಿತು. ಡಿಸೈನ್ ಎರಡನೆಯ ಫೈಲಿನದೇ ಅಚ್ಚಾಯಿತು.

ಇಂಥ ಕಡೆ ಮೊದಲ ದಿನವೇ ಮೆತ್ತಗೆ ಕೇಳಿಬಿಡಿ: ‘ಇದನ್ನು ನಿಮ್ಮ ಜೊತೆ ಇನ್ಯಾರು ನೋಡುತ್ತಾರೆ? ಕೊನೆಗೆ ಸರಿ ಅನ್ನುವವರು ಯಾರು?’ ಆ ವ್ಯಕ್ತಿಗೇ ನೇರವಾಗಿ ಒಮ್ಮೆ ತೋರಿಸುವ ಅವಕಾಶ ಕೇಳಿ. ರಾಜ್ಯೋತ್ಸವದ ಪೋಸ್ಟರಿನಂಥ ಸಮಿತಿ ಕೆಲಸಗಳಲ್ಲಿ, ಅದು ಊರಿನ ಸಂಘವಾದರೂ ಸರಿ, ದುಬೈಯ ಕನ್ನಡ ಸಂಘವಾದರೂ ಸರಿ, ಎಲ್ಲರ ಸಲಹೆಯನ್ನೂ ಅವರಲ್ಲೇ ಒಬ್ಬರು ಒಂದೇ ಪಟ್ಟಿ ಮಾಡಿ ಕೊಡಲಿ. ಏಳು ಜನರ ವಾಯ್ಸ್ ಮೆಸೇಜನ್ನು ನೀವು ಜೋಡಿಸಲು ಹೋಗಬೇಡಿ. ಅವರ ಜಗಳ ನಿಮ್ಮ ತಲೆ ಮೇಲೆ ಬರುತ್ತದೆ.

ಮನೆಯೊಳಗಿನ ವಿಷಯ ಅಂತ ತಿಳಿದರೆ ಅಲ್ಲಿಗೇ ನಿಲ್ಲಿ. ಯಾರ ಪರವೂ ಮಾತಾಡಬೇಡಿ. ಪ್ರಿಂಟಿಗೆ ಕೊಡಬೇಕಾದ ಕೊನೆಯ ದಿನ ಮಾತ್ರ ತಿಳಿಸಿ, ಕಾಯಿರಿ.

ಲಕ್ಷಣ: ‘ಇನ್ನೊಂದೇ ಒಂದು ಚಿಕ್ಕ ಚೇಂಜ್’

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಲೆಕ್ಕ ಇಲ್ಲದ ಕಡೆ ಬದಲಾವಣೆಗೂ ಕೊನೆ ಇಲ್ಲ. ಎರಡು ಸಲ ತಿದ್ದುಪಡಿ ರೇಟಿನೊಳಗೆ, ಮೂರನೆಯದರಿಂದ ಇಷ್ಟು ರೂಪಾಯಿ ಅಂತ ಮೊದಲ ಮೆಸೇಜಿನಲ್ಲೇ ಇರಲಿ. ಕಾಗುಣಿತದ ತಪ್ಪಿಗೆ ನಾನು ಎಂದೂ ದುಡ್ಡು ಕೇಳುವುದಿಲ್ಲ. ಪ್ರತಿ ಫೈಲಿನ ಹೆಸರಿನಲ್ಲಿ ಸಂಖ್ಯೆ ಹಾಕಿ, ಏನು ಬದಲಾಯಿತು ಅಂತ ಒಂದು ಸಾಲು ಬರೆದು ಕಳಿಸಿ. ‘ಇದು ಎರಡನೇ ತಿದ್ದುಪಡಿ’ ಅಂತ ಓದಿದ ಮೇಲೆ ಜನ ತಾವಾಗಿಯೇ ಎಲ್ಲವನ್ನೂ ಸೇರಿಸಿ ಒಟ್ಟಿಗೆ ಹೇಳುತ್ತಾರೆ.

ಬದಲಾವಣೆಯ ಸ್ವಭಾವ ನೋಡಿ. ಬಣ್ಣ, ಜಾಗ, ಅಳತೆ ಬದಲಾದರೆ ಅದು ತಿದ್ದುಪಡಿ. ಲೇಬಲ್ ಕೇಳಿದವರು ಪೆಟ್ಟಿಗೆಯ ಡಿಸೈನನ್ನೂ ಕೇಳಿದರೆ ಅದು ಬೇರೆ ಕೆಲಸ, ಬೇರೆ ರೇಟು. ನಗುತ್ತಲೇ ಹೇಳಿ, ಆದರೆ ಅದೇ ದಿನ ಹೇಳಿ. ಒಂದು ವಾರ ಬಿಟ್ಟು ಹೇಳಿದರೆ ದುಡ್ಡಿಗಾಗಿ ರಗಳೆ ತೆಗೆದ ಹಾಗೆ ಕಾಣುತ್ತದೆ.

ಲಕ್ಷಣ: ‘ನೋಡಿ ಹೇಳ್ತೀನಿ’ ಅಂದವರು ಕಾಣೆ

ಎರಡು ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಮೊದಲು ಕ್ಯಾಲೆಂಡರ್ ನೋಡಿ. ಆಷಾಢ ಬಂತು ಅಂದರೆ ಬಹಳ ಮನೆಗಳಲ್ಲಿ ಮದುವೆ, ಗೃಹಪ್ರವೇಶ, ಹೊಸ ಅಂಗಡಿ ಯಾವ ಮಾತೂ ಮುಂದೆ ಹೋಗುವುದಿಲ್ಲ. ಪಿತೃಪಕ್ಷದಲ್ಲೂ ಹಾಗೆ. ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಸಮಯದಲ್ಲಿ ಜನ ಫೋನನ್ನೇ ತೆಗೆಯುವುದಿಲ್ಲ. ಇವೆಲ್ಲ ದೋಷವೇ ಅಲ್ಲ, ಕಾದರೆ ತಾನಾಗಿ ಸರಿಹೋಗುತ್ತದೆ.

ಆಮೇಲೆ ನಿಮ್ಮ ಕೊನೆಯ ಮೆಸೇಜನ್ನು ನೀವೇ ಓದಿ. ‘ಹೇಗಿದೆ ಹೇಳಿ’ ಅಂತ ಬಿಟ್ಟಿದ್ದರೆ ಅದಕ್ಕೆ ಉತ್ತರ ಬರೆಯುವುದು ಅವರಿಗೆ ಭಾರ. ‘ಎಡಗಡೆಯದು ಪ್ರಿಂಟಿಗೆ ಕಳಿಸಲಾ?’ ಅಂತ ಕೇಳಿದರೆ ಒಂದೇ ಪದದಲ್ಲಿ ಉತ್ತರ ಬರುತ್ತದೆ. ಟೈಪ್ ಮಾಡಲು ಕಷ್ಟಪಡುವ ಹಿರಿಯರಾದರೆ ವಾಯ್ಸ್ ಮೆಸೇಜ್ ಕಳಿಸಿ ಅನ್ನಿ.

ಅದಕ್ಕೂ ಸುಳಿವಿಲ್ಲದಿದ್ದರೆ ದುಡ್ಡಿನ ತೊಂದರೆ ಇರಬಹುದು. ಅದನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಸಂಕೋಚವೇ, ಅಲ್ವಾ? ‘ಈಗ ಲೋಗೋ ಮಟ್ಟಿಗೆ ಮುಗಿಸಿ, ಉಳಿದದ್ದನ್ನು ದೀಪಾವಳಿ ಆದ ಮೇಲೆ ಮಾಡೋಣವಾ’ ಅಂತ ನೀವೇ ದಾರಿ ತೋರಿಸಿ. ನನ್ನ ಅನುಭವದಲ್ಲಿ ಈ ಒಂದು ಮಾತಿಗೆ ತಿರುಗಿ ಬಂದ ಕ್ಲೈಂಟುಗಳು ಇವತ್ತಿಗೂ ಜೊತೆಗಿದ್ದಾರೆ.

ಕಂಪನಿ ಕ್ಲೈಂಟು ಬಿಲ್ಲಿಗಿಂತ ಶೇ 10 ಕಮ್ಮಿ ಹಾಕಿದ್ದರೆ ಜಗಳಕ್ಕೆ ಹೋಗುವ ಮುಂಚೆ ಆದಾಯ ತೆರಿಗೆ ಪೋರ್ಟಲ್ ನೋಡಿ. ವೃತ್ತಿ ಶುಲ್ಕದ ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಕಂಪನಿ ಅದನ್ನು ಕಟ್ಟಿ ಲೆಕ್ಕ ಸಲ್ಲಿಸಿದ ಮೇಲೆ ನಿಮ್ಮ ಪ್ಯಾನ್‌ಗೆ ಜಮಾ ಆಗಿರುವುದು ಅಲ್ಲಿ ಕಾಣುತ್ತದೆ.

ಜಾಗ್ರತೆಯ ಮಾತು

ಅರ್ಧ ಮುಂಗಡ ಬರದೆ ಕೆಲಸ ಶುರು ಮಾಡಬೇಡಿ. ನೆಂಟರ ಕೆಲಸವಾದರೂ. ಬಾಕಿ ಪೂರ್ತಿ ಬರುವ ತನಕ ತಿದ್ದಲು ಬರುವ ಮೂಲ ಫೈಲ್ ಕೊಡಬೇಡಿ, ನೋಡಲು ನಿಮ್ಮ ಹೆಸರನ್ನು ಚಿತ್ರದ ಮೇಲೆ ಅಡ್ಡಲಾಗಿ ಹಾಕಿದ ಪ್ರತಿ ಕಳಿಸಿ.

ಬರಹದಲ್ಲಿ ಒಪ್ಪಿಗೆ ಇಲ್ಲದೆ ಯಾವುದನ್ನೂ ಪ್ರೆಸ್ಸಿಗೆ ಕೊಡಬೇಡಿ. ‘ಫೋನಲ್ಲಿ ಓಕೆ ಅಂದ್ರು’ ಅನ್ನುವುದು ಸಾವಿರ ಪ್ರತಿ ಅಚ್ಚಾದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಮದುವೆ ಪತ್ರಿಕೆಯಾದರೆ ತಾರೀಖು ಮತ್ತು ವಾರ ಹೊಂದುತ್ತವಾ ಅಂತ ಕ್ಯಾಲೆಂಡರ್ ತೆಗೆದು ನೋಡಿ, ಹಾಕಿರುವ ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ.

ಕೆಲಸದ ವಿವರ ಕೇಳಿದರೆ ಹಾರಿಕೆಯ ಉತ್ತರ, ದುಡ್ಡು ಹಾಕಲು ಮಾತ್ರ ವಿಪರೀತ ಅವಸರ. ಈ ಎರಡೂ ಒಟ್ಟಿಗೆ ಕಂಡರೆ ಅಲ್ಲೇ ನಿಲ್ಲಿಸಿ. ‘ಮುಂಗಡ ಕಳಿಸಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂದರೆ ಅದು ಮೋಸ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವ, ಪಿನ್ ಹಾಕುವ ಅಗತ್ಯವೇ ಇಲ್ಲ. ‘ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ’ ಅಂದರೆ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ, ಬಂದ ಎಸ್‌ಎಂಎಸ್ ನಂಬಬೇಡಿ. ಹಣ ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಲ್ಲಿಸುವುದು ಯಾವಾಗ, ಯಾರ ಹತ್ತಿರ ಹೋಗುವುದು

ಕರೆ ಮಾಡಿದ್ದೀರಿ, ಬರೆದು ಕಳಿಸಿದ್ದೀರಿ, ಎರಡು ಮಾದರಿ ಪಕ್ಕಪಕ್ಕ ಇಟ್ಟಿದ್ದೀರಿ, ತೀರ್ಮಾನಿಸುವವರನ್ನೂ ಕಂಡಿದ್ದೀರಿ. ಆದರೂ ಕೆಲಸ ಅಲ್ಲೇ ಇದೆ ಅಂದರೆ ಮುಂದೆ ಹೋಗಬೇಡಿ. ಬೈಗುಳ ಶುರುವಾದರೆ ಇಷ್ಟು ದೂರ ಬರುವುದೂ ಬೇಡ. ರಾತ್ರಿ ನಿದ್ದೆಯಲ್ಲೂ ಫೋನ್ ಬಡಿದ ಹಾಗೆ ಅನ್ನಿಸುತ್ತಿದ್ದರೆ ಅದೂ ನಿಲ್ಲಿಸಲು ಸಾಕಾದ ಕಾರಣವೇ. ನಾನು ಇದನ್ನು ತಡವಾಗಿ ಕಲಿತೆ, ನೀವು ಬೇಗ ಕಲಿಯಿರಿ.

ಬಾಕಿ ದುಡ್ಡು ನಿಂತಿದ್ದರೆ ದಾರಿಗಳಿವೆ. ಚಿಕ್ಕ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಒಬ್ಬರೇ ಕೆಲಸ ಮಾಡುವವರೂ ಮಾಡಿಸಬಹುದು. ಜಗಳ ಹುಟ್ಟಿದ ಮೇಲೆ ಮಾಡಿಸಿದರೆ ಪ್ರಯೋಜನವಾಗದೇ ಹೋಗಬಹುದು, ಹಾಗಾಗಿ ಈಗಲೇ ಮಾಡಿಸಿಟ್ಟುಕೊಳ್ಳಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನ ಮೀರಿ ದುಡ್ಡು ತಡೆಹಿಡಿಯುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬಾಕಿಯ ಜಗಳ ಬಗೆಹರಿಸಲು ಆ ಕಾಯ್ದೆಯಡಿ ಇರುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಚಿಕ್ಕ ಮೊತ್ತವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಹಣ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು ಇದೆ ಅನ್ನುವುದು ನೆನಪಿರಲಿ. ಇದಕ್ಕೆಲ್ಲ ಆಧಾರ ಆ ‘ಸರಿ’ ಅನ್ನುವ ಮೆಸೇಜುಗಳೇ, ಅಳಿಸಬೇಡಿ.

ಜಗಳವಿಲ್ಲದೆ ಬಿಡುವುದಾದರೆ ನಾನು ಕಳಿಸುವ ಮೆಸೇಜ್ ಇದು, ಬೇಕಾದರೆ ಹಾಗೇ ಬಳಸಿಕೊಳ್ಳಿ:

‘ನಮಸ್ಕಾರ. ಈ ಕೆಲಸ ಇಲ್ಲಿಯವರೆಗೆ ಎರಡು ಮಾದರಿ, ಎರಡು ತಿದ್ದುಪಡಿ ಆಗಿದೆ. ಇಷ್ಟು ಕೆಲಸಕ್ಕೆ ನಿಮ್ಮ ಮುಂಗಡ ಸರಿಹೋಗುತ್ತದೆ, ಬಾಕಿ ಏನೂ ಇಲ್ಲ. ಇಲ್ಲಿಗೆ ನಿಲ್ಲಿಸುತ್ತಿದ್ದೇನೆ. ನೀವು ಕೊಟ್ಟ ಫೋಟೋ, ಬರಹ ಎಲ್ಲ ವಾಪಸ್ ಕಳಿಸಿದ್ದೇನೆ. ನಿಮಗೆ ಬೇಕಾದ್ದು ತೀರ್ಮಾನವಾದ ದಿನ ಫೋನ್ ಮಾಡಿ, ಹೊಸದಾಗಿ ಕೂತು ಮಾತಾಡೋಣ.’